ಜಾಯ್‌ಕಾನ್ ಸ್ಟಿಕ್ ತಾನಾಗಿಯೇ ಓಡುತ್ತಿದೆಯೇ? ಮನೆಯಲ್ಲೇ ಬದಲಿಸುವ ಕ್ರಮ

ಕೈ ಬಿಟ್ಟರೂ ಆಟದ ಪಾತ್ರ ತಾನಾಗಿಯೇ ಎಡಕ್ಕೆ ನಡೆಯುತ್ತದೆ. ಮೆನುವಿನಲ್ಲಿ ಒಂದನ್ನು ಆರಿಸಲು ಹೋದರೆ ಆಯ್ಕೆ ಕೆಳಕ್ಕೆ ಜಾರಿಬಿಡುತ್ತದೆ. ಕ್ಯಾಮೆರಾ ಆಕಾಶ ನೋಡುತ್ತ ನಿಂತುಬಿಡುತ್ತದೆ. ನಿಂಟೆಂಡೊ ಸ್ವಿಚ್ ಇಟ್ಟುಕೊಂಡಿರುವ ಓದುಗರು ಪದೇ ಪದೇ ಕೇಳುವುದು ಇದನ್ನೇ: ಇದು ರಿಪೇರಿ ಆಗುತ್ತದೆಯೇ, ಇಲ್ಲ ಹೊಸ ಜೋಡಿಯನ್ನೇ ಕೊಳ್ಳಬೇಕೇ?

ಆಗುತ್ತದೆ. ಬೆಸುಗೆ ಹಾಕುವ ಅಗತ್ಯವೂ ಇಲ್ಲ. ಕೆಟ್ಟಿರುವುದು ಬಹುಪಾಲು ಒಂದೇ ಒಂದು ಬಿಡಿಭಾಗ. ಅದನ್ನು ಎರಡು ಸ್ಕ್ರೂ ಮತ್ತು ಒಂದು ರಿಬ್ಬನ್ ಕೇಬಲ್ ಹಿಡಿದುಕೊಂಡಿವೆ, ಅಷ್ಟೇ. ಆದರೆ ಆ ಎರಡು ಸ್ಕ್ರೂಗಳನ್ನು ತಲುಪುವ ದಾರಿಯಲ್ಲಿ ಅಕ್ಕಿಕಾಳಿಗಿಂತ ಚಿಕ್ಕದಾದ, ಒಮ್ಮೆ ಮುರಿದರೆ ಮತ್ತೆ ಕೂಡದ ಪ್ಲಾಸ್ಟಿಕ್ ಚಿಲಕಗಳಿವೆ. ಕೆಲಸ ಕೆಡುವುದು ಅಲ್ಲಿ. ಆದ್ದರಿಂದ ಸುಲಭವಾದ ಹಂತಗಳನ್ನು ಬೇಗ ದಾಟಿ, ಅಂಥ ಕಡೆಗಳಲ್ಲಿ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಇಲ್ಲಿ ಹೇಳಿರುವ ಕ್ರಮ 2017ರ ಮಾರ್ಚ್‌ನಲ್ಲಿ ಬಂದ ಮೊದಲ ಸ್ವಿಚ್ ಮತ್ತು 2021ರ ಒಎಲ್ಇಡಿ ಮಾದರಿಯ ಜೊತೆ ಬರುವ ಅಸಲಿ ಜಾಯ್‌ಕಾನ್‌ಗಳಿಗೆ ಹೊಂದುತ್ತದೆ. ಅಂದರೆ ಪರದೆಯ ಎರಡು ಪಕ್ಕಗಳಿಂದ ಮೇಲಕ್ಕೆ ಜಾರಿಸಿ ಕಳಚುವ ಆ ಪುಟ್ಟ ನಿಯಂತ್ರಕಗಳಿಗೆ. ನೋಡಲು ಹಾಗೆಯೇ ಇರುವ ಅಗ್ಗದ ಬೇರೆ ಕಂಪನಿಗಳ ಜಾಯ್‌ಕಾನ್‌ಗಳ ಒಳಗಿನ ಜೋಡಣೆ ಬೇರೆ. ಅವುಗಳಿಗೆ ಇದನ್ನು ನಂಬಿ ಕೈ ಹಾಕಬೇಡಿ. ಸ್ವಿಚ್ ಲೈಟ್ ಮತ್ತು ಸ್ವಿಚ್ 2 ಕುರಿತು ಕೊನೆಯಲ್ಲಿ ಹೇಳಿದ್ದೇನೆ.

ಕೆಡುವುದು ಏನು?

ಸ್ಟಿಕ್ ನಟ್ಟನಡುವೆ ನಿಂತಿದ್ದರೂ ಯಂತ್ರಕ್ಕೆ ಅದು ಯಾವುದೋ ಒಂದು ಕಡೆಗೆ ವಾಲಿದಂತೆ ತೋರುವ ದೋಷವನ್ನು ಡ್ರಿಫ್ಟ್ ಎನ್ನುತ್ತಾರೆ. ಸ್ಟಿಕ್ಕಿನ ಬುಡದಲ್ಲಿ ಎರಡು ಪೊಟೆನ್ಶಿಯೋಮೀಟರ್‌ಗಳಿವೆ. ಸರಿಸಿದಂತೆ ವಿದ್ಯುತ್ತಿನ ರೋಧ ಬದಲಾಗುವ ಸಾಧನಕ್ಕೆ ಆ ಹೆಸರು. ಒಂದು ಎಡ-ಬಲದ ಚಲನೆಯನ್ನು ಅಳೆಯುತ್ತದೆ, ಇನ್ನೊಂದು ಮೇಲೆ-ಕೆಳಗಿನ ಚಲನೆಯನ್ನು. ತೆಳುವಾದ ಹಾಳೆಯ ಮೇಲೆ ಇಂಗಾಲದ ಲೇಪವಿರುತ್ತದೆ. ನೀವು ಸ್ಟಿಕ್ ವಾಲಿಸಿದಾಗ ಲೋಹದ ಪುಟ್ಟ ಕವಲುಗಳು ಆ ಲೇಪದ ಮೇಲೆ ಉಜ್ಜುತ್ತ ಸಾಗುತ್ತವೆ. ಕವಲು ನಿಂತ ಜಾಗಕ್ಕೆ ತಕ್ಕಂತೆ ವೋಲ್ಟೇಜ್ ಏರಿಳಿಯುತ್ತದೆ, ಜಾಯ್‌ಕಾನ್ ಅದನ್ನು 0ಯಿಂದ 4095ರ ನಡುವಿನ ಒಂದು ಸಂಖ್ಯೆಯಾಗಿ ಓದಿಕೊಳ್ಳುತ್ತದೆ. ಹಳೆಯ ರೇಡಿಯೊದ ವಾಲ್ಯೂಮ್ ಗುಂಡಿಯೊಳಗೆ ಇದ್ದದ್ದೂ ಇದೇ ಜಾತಿಯ ಸಾಧನ. ವರ್ಷಗಳು ಕಳೆದ ಮೇಲೆ ತಿರುಗಿಸಿದರೆ ಕರಕರ ಎನ್ನುತ್ತಿತ್ತಲ್ಲ, ಇಲ್ಲಿ ಆ ಕರಕರವೇ ಪಾತ್ರದ ನಡಿಗೆಯಾಗಿ ಕಾಣಿಸಿಕೊಳ್ಳುತ್ತದೆ.

ಉಜ್ಜಿ ಉಜ್ಜಿ ಲೇಪ ಸವೆಯುತ್ತದೆ. ಸವೆದ ಪುಡಿ ಅಲ್ಲೇ ಉಳಿಯುತ್ತದೆ, ಹೊರಗಿನ ಧೂಳು ಅದರ ಜೊತೆ ಸೇರುತ್ತದೆ. ಆಗ ಮಧ್ಯದ ಸ್ಥಾನಕ್ಕೆ ಬರಬೇಕಾದ ಸಂಖ್ಯೆ ಬರುವುದಿಲ್ಲ, ಅಥವಾ ಒಂದೇ ಕಡೆ ನಿಲ್ಲದೆ ನಡುಗುತ್ತದೆ. ಹಾಗಾಗಿ ಮಕ್ಕಳು ಜೋರಾಗಿ ಆಡಿದ್ದರಿಂದಲೇ ಹೀಗಾಯಿತು ಎಂದು ಮನೆಯಲ್ಲಿ ವಿಚಾರಣೆ ನಡೆಸಬೇಕಿಲ್ಲ. ಜೋಪಾನವಾಗಿ ಬಳಸಿದವರಿಗೂ ಇದು ಬರುತ್ತದೆ. 2020ರ ಜೂನ್‌ನಲ್ಲಿ ಷೇರುದಾರರ ಸಭೆಯಲ್ಲಿ ಪ್ರಶ್ನೆ ಎದ್ದಾಗ ಕಂಪನಿಯ ಅಧ್ಯಕ್ಷ ಶುಂಟಾರೊ ಫುರುಕಾವಾ ಅವರೇ ಗ್ರಾಹಕರ ಕ್ಷಮೆ ಕೇಳಿದ್ದರು.

ನನ್ನ ಅಭಿಪ್ರಾಯ ಇಷ್ಟು: ಸ್ಟಿಕ್ ಸವೆಯುವ ಭಾಗ. ಸವೆದದ್ದನ್ನು ಶುಚಿ ಮಾಡಿ ಎಷ್ಟು ದಿನ ಓಡಿಸಿದರೂ ಅದು ಪ್ರಥಮ ಚಿಕಿತ್ಸೆಯೇ. ಕವಚ ಬಿಚ್ಚುವ ಧೈರ್ಯ ಮಾಡಿದ ಮೇಲೆ ಸ್ಟಿಕ್ಕನ್ನೇ ಬದಲಿಸಿಬಿಡಿ.

ಬಿಚ್ಚುವ ಮೊದಲು

ದೋಷ ಸ್ಟಿಕ್ಕಿನಲ್ಲೇ ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ನಿಸ್ತಂತು ಸಂಪರ್ಕ ಕಡಿದಾಗಲೂ ಡ್ರಿಫ್ಟಿನಂಥದ್ದೇ ತೊಂದರೆ ಕಾಣಿಸುತ್ತದೆ. ನೀವು ಸ್ಟಿಕ್ ಬಿಟ್ಟ ಸಂದೇಶ ಯಂತ್ರಕ್ಕೆ ತಲುಪದೆ ಪಾತ್ರ ಇನ್ನೊಂದಿಷ್ಟು ದೂರ ಓಡಿ ಆಮೇಲೆ ನಿಲ್ಲುತ್ತದೆ. 2017ರ ಮೊದಲ ಕಂತಿನ ಎಡ ಜಾಯ್‌ಕಾನ್‌ಗಳಲ್ಲಿ ಈ ದೂರು ಹೆಚ್ಚಾಗಿತ್ತು. ಪರೀಕ್ಷೆ ಸುಲಭ. ಜಾಯ್‌ಕಾನನ್ನು ಪರದೆಯ ಪಕ್ಕಕ್ಕೆ ಸಿಕ್ಕಿಸಿ ಆಡಿ. ಆಗ ಸಂಕೇತ ಗಾಳಿಯಲ್ಲಿ ಬಾರದೆ ಹಳಿಯ ಲೋಹದ ಸಂಪರ್ಕಗಳ ಮೂಲಕ ಬರುತ್ತದೆ. ಸಿಕ್ಕಿಸಿದಾಗ ತೊಂದರೆ ಮಾಯವಾದರೆ ಸ್ಟಿಕ್ ನಿರಪರಾಧಿ. ಸಿಕ್ಕಿಸಿದರೂ ಓಡುತ್ತಿದ್ದರೆ ಅದೇ ಅಪರಾಧಿ.

ಒಂದೇ ಆಟದಲ್ಲಿ ಮಾತ್ರ ಹೀಗಾಗುತ್ತಿದ್ದರೆ ಆ ಆಟದ ಸೆಟ್ಟಿಂಗ್ಸ್ ನೋಡಿ. ಕೆಲವು ಆಟಗಳಲ್ಲಿ ಡೆಡ್ ಝೋನ್ ಎಂಬ ಆಯ್ಕೆ ಇರುತ್ತದೆ. ಮಧ್ಯದ ಸುತ್ತ ಇಷ್ಟು ಜಾಗದೊಳಗಿನ ಅಲುಗಾಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ ಎಂದು ಆಟಕ್ಕೆ ಹೇಳುವ ಮಿತಿ ಅದು. ಅದನ್ನು ಸ್ವಲ್ಪ ಹೆಚ್ಚಿಸಿದರೆ ಸಣ್ಣ ಡ್ರಿಫ್ಟ್ ಮುಚ್ಚಿಹೋಗುತ್ತದೆ.

ಮುಂದಿನ ಹೆಜ್ಜೆ ಕ್ಯಾಲಿಬ್ರೇಷನ್, ಅಂದರೆ ಮಧ್ಯ ಯಾವುದು, ಅಂಚು ಯಾವುದು ಎಂದು ಜಾಯ್‌ಕಾನಿಗೆ ಮತ್ತೆ ಕಲಿಸುವುದು. ಸಿಸ್ಟಮ್ ಸೆಟ್ಟಿಂಗ್ಸ್‌ಗೆ ಹೋಗಿ, ಕಂಟ್ರೋಲರ್ಸ್ ಆ್ಯಂಡ್ ಸೆನ್ಸರ್ಸ್ ತೆರೆಯಿರಿ. ಮೊದಲು ಅಲ್ಲಿರುವ ಅಪ್‌ಡೇಟ್ ಕಂಟ್ರೋಲರ್ಸ್ ಒತ್ತಿ. ನಂತರ ಕ್ಯಾಲಿಬ್ರೇಟ್ ಕಂಟ್ರೋಲ್ ಸ್ಟಿಕ್ಸ್ ಆರಿಸಿ, ಪರೀಕ್ಷಿಸಬೇಕಾದ ಸ್ಟಿಕ್ಕನ್ನು ಒಳಕ್ಕೆ ಅದುಮಿ. ಪರದೆಯ ಮೇಲೆ ವೃತ್ತವೂ ಅದರ ನಡುವೆ ಕೂಡುಚಿಹ್ನೆಯೂ ಕಾಣುತ್ತವೆ. ಕೈ ಬಿಟ್ಟಾಗ ಚಿಹ್ನೆ ನಡುವೆಯೇ ನಿಲ್ಲಬೇಕು. ಸ್ಟಿಕ್ಕನ್ನು ಸುತ್ತ ತಿರುಗಿಸಿದಾಗ ಎಲ್ಲ ಕಡೆಯೂ ಅಂಚು ಮುಟ್ಟಬೇಕು. ಈ ಪರದೆಯನ್ನು ಅವಸರಪಡದೆ ನೋಡಿ, ರೋಗ ಯಾವುದೆಂದು ಅದೇ ಹೇಳುತ್ತದೆ. ಚಿಹ್ನೆ ಒಂದೇ ಕಡೆ ಅಲುಗಾಡದೆ ವಾಲಿಕೊಂಡಿದ್ದರೆ ಕ್ಯಾಲಿಬ್ರೇಷನ್ ಕೆಲಸ ಮಾಡುವ ಸಾಧ್ಯತೆ ಇದೆ. ಚಿಹ್ನೆ ನಡುಗುತ್ತಿದ್ದರೆ, ಒಂದೊಂದು ಸಲ ಒಂದೊಂದು ಕಡೆ ನಿಲ್ಲುತ್ತಿದ್ದರೆ ಲೇಪ ಸವೆದಿದೆ, ಎಷ್ಟು ಕಲಿಸಿದರೂ ಪ್ರಯೋಜನವಿಲ್ಲ.

ಶುಚಿ ಮಾಡುವುದರ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಸ್ಟಿಕ್ಕಿನ ಕೊಡೆಯ ಕೆಳಗೆ ಬುಡದ ಸುತ್ತ ಮೆತ್ತನೆಯ ರಬ್ಬರಿನ ಅಂಚು ಇರುತ್ತದೆ. ಅದನ್ನು ಪ್ಲಾಸ್ಟಿಕ್ ಮೊನೆಯಿಂದ ಸ್ವಲ್ಪ ಎತ್ತಿ, ಪ್ಲಾಸ್ಟಿಕ್ಕಿಗೆ ಹಾನಿ ಮಾಡದ ಕಾಂಟ್ಯಾಕ್ಟ್ ಕ್ಲೀನರನ್ನು ಒಂದು ಚಿಮ್ಮು, ಇಲ್ಲವೇ ಐಪಿಎಯನ್ನು ಎರಡು ಹನಿ ಬಿಟ್ಟು, ಸ್ಟಿಕ್ಕನ್ನು ಚೆನ್ನಾಗಿ ಸುತ್ತಾಡಿಸಿ, ಒಣಗಲು ಬಿಟ್ಟು ನೋಡಿ. ಐಪಿಎ ಎಂದರೆ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೋಹಾಲ್. ಶೇ 99ರದ್ದೇ ಬೇಕು. ಕೈಗೆ ಹಚ್ಚುವ ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರೂ ಅಂಟೂ ಇರುತ್ತವೆ. ಬಾಗಿಲ ಕೀಲಿಗೆ ಹೊಡೆಯುವ ಎಣ್ಣೆಯ ಸ್ಪ್ರೇ, ತೆಂಗಿನೆಣ್ಣೆ, ಹೊಲಿಗೆ ಯಂತ್ರದ ಎಣ್ಣೆ ಇವೂ ಬೇಡ. ಎಣ್ಣೆ ಹಾಕಿದರೆ ಎರಡು ದಿನ ನುಣುಪಾಗುತ್ತದೆ, ಮೂರನೆಯ ದಿನದಿಂದ ಧೂಳನ್ನೆಲ್ಲ ಕರೆದು ಕೂರಿಸಿಕೊಳ್ಳುತ್ತದೆ.

ನೀವು ಹೊರದೇಶದಲ್ಲಿದ್ದರೆ ಇಲ್ಲೇ ನಿಲ್ಲಿ. ಅಮೆರಿಕದಲ್ಲಿ ಡ್ರಿಫ್ಟ್ ದೂರಿಗೆ ನಿಂಟೆಂಡೊ ಉಚಿತವಾಗಿ ರಿಪೇರಿ ಮಾಡಿಕೊಡುವುದು 2019ರಿಂದಲೇ ಗೊತ್ತಿರುವ ಸಂಗತಿ. ಐರೋಪ್ಯ ಆರ್ಥಿಕ ವಲಯ, ಬ್ರಿಟನ್ ಮತ್ತು ಸ್ವಿಟ್ಜರ್ಲೆಂಡ್‌ಗಳಲ್ಲಿ ವಾರಂಟಿ ಮುಗಿದಿದ್ದರೂ ಉಚಿತ ಎಂದು 2023ರಲ್ಲಿ ಪ್ರಕಟಿಸಲಾಯಿತು. ಅಂಥ ಸೌಲಭ್ಯ ಇರುವವರು ಸ್ಕ್ರೂಡ್ರೈವರ್ ಹಿಡಿಯುವುದು ದಂಡ. ಒಮ್ಮೆ ಬಿಚ್ಚಿದ ಜಾಯ್‌ಕಾನನ್ನು ಅವರು ಮುಟ್ಟದೆ ಹಿಂದಿರುಗಿಸಬಹುದು. ಭಾರತದಲ್ಲಿರುವ ನಮ್ಮ ಕಥೆ ಬೇರೆ. ಇಲ್ಲಿನ ಸ್ವಿಚ್‌ಗಳು ಹೆಚ್ಚಾಗಿ ನೆಂಟರ ಸೂಟ್‌ಕೇಸಿನಲ್ಲೋ ಆಮದು ಅಂಗಡಿಗಳ ಮೂಲಕವೋ ಬಂದವು, ಹೋಗಿ ಕೇಳಲು ಕಂಪನಿಯ ಸರ್ವಿಸ್ ಸೆಂಟರ್ ಇಲ್ಲ.

ಏನೇನು ಬೇಕು?

ಹೊಸ ಸ್ಟಿಕ್. ಇದರಲ್ಲಿ ಎರಡು ಬಗೆ. ಮೊದಲನೆಯದು ಮೂಲದಂತೆಯೇ ಇಂಗಾಲದ ಲೇಪದ್ದು. ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಮುಂದೊಂದು ದಿನ ಇದೂ ಸವೆಯುತ್ತದೆ. ಎರಡನೆಯದು ಹಾಲ್ ಎಫೆಕ್ಟ್ ಸ್ಟಿಕ್. ಇದರಲ್ಲಿ ಉಜ್ಜುವ ಭಾಗವೇ ಇಲ್ಲ. ಸ್ಟಿಕ್ಕಿನ ಬುಡದಲ್ಲೊಂದು ಆಯಸ್ಕಾಂತ, ಎದುರಿಗೆ ಅದರ ಕ್ಷೇತ್ರವನ್ನು ಅಳೆಯುವ ಸಂವೇದಕ. ಎಡ್ವಿನ್ ಹಾಲ್ 1879ರಲ್ಲಿ ಕಂಡುಹಿಡಿದ ಭೌತಿಕ ಪರಿಣಾಮವೇ ಇದರ ಆಧಾರ. ಗುಲಿಕಿಟ್ ಕಂಪನಿಯ ಹಾಲ್ ಸ್ಟಿಕ್‌ಗಳು ಜಾಯ್‌ಕಾನಿಗೆ ಹೊಂದುವಂತೆಯೇ ಬರುತ್ತವೆ. ಟಿಎಂಆರ್ ಎಂಬ ಹೆಸರಿನವೂ ಈಗ ಸಿಗುತ್ತವೆ. ಅವೂ ಆಯಸ್ಕಾಂತದವೇ, ಸಂವೇದಕ ಮಾತ್ರ ಬೇರೆ ಬಗೆಯದು. ಬೆಲೆ ಹೆಚ್ಚಾದರೂ ನನ್ನ ಮತ ಆಯಸ್ಕಾಂತದ್ದಕ್ಕೇ. ಇದೇ ಚಿಲಕಗಳನ್ನು ಎರಡು ವರ್ಷ ಬಿಟ್ಟು ಮತ್ತೆ ಬಿಚ್ಚುವ ಆಸೆ ಯಾರಿಗೂ ಇರುವುದಿಲ್ಲ. ಒಂದು ಎಚ್ಚರಿಕೆ: ಆಯಸ್ಕಾಂತದ ಗುಂಡಿ ಇರುವ ಚೀಲ, ಕವರುಗಳನ್ನು ಇಂಥ ಸ್ಟಿಕ್ಕಿನ ಹತ್ತಿರ ತರಬೇಡಿ.

ಟ್ರೈ-ವಿಂಗ್ ವೈ00 ಸ್ಕ್ರೂಡ್ರೈವರ್. ಜಾಯ್‌ಕಾನಿನ ಹಿಂಬದಿಯ ಸ್ಕ್ರೂಗಳ ತಲೆಯಲ್ಲಿ ಮೂರು ಕವಲಿನ ಗುರುತು ಇರುತ್ತದೆ, ಮಾಮೂಲಿ ಡ್ರೈವರ್ ಅದಕ್ಕೆ ಕೂರುವುದಿಲ್ಲ. ಒಳಗಿನ ಸ್ಕ್ರೂಗಳಿಗೆ ಪ್ಲಸ್ ತಲೆಯ 00 ಅಳತೆಯ ಡ್ರೈವರ್ ಬೇಕು. ಸ್ಟಿಕ್ ಜೊತೆ ಉಚಿತವಾಗಿ ಬರುವ ಡ್ರೈವರ್‌ಗಳ ಮೊನೆ ಬಹಳ ಮೆತ್ತಗೆ. ಅವನ್ನು ನಂಬಿ ಸ್ಕ್ರೂ ತಲೆ ತಿಂದುಹಾಕುವುದಕ್ಕಿಂತ ಒಂದು ಒಳ್ಳೆಯ ಮೊಬೈಲ್ ರಿಪೇರಿ ಸೆಟ್ ಕೊಳ್ಳುವುದು ಮೇಲು. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆ ಇದ್ದೇ ಇದೆ, ಐಪಿಎ ಕೂಡ ಅಲ್ಲೇ ಸಿಗುತ್ತದೆ.

ಚೂಪು ಮೊನೆಯ ಚಿಮುಟ, ಮೀಟಲು ಪ್ಲಾಸ್ಟಿಕ್ ಬೆಣೆ, ಒಂದು ಬಿಳಿ ಬಟ್ಟೆ, ಬೆಳಕು. ಬೆಣೆ ಸಿಗದಿದ್ದರೆ ಗಿಟಾರ್ ಪಿಕ್ ಆಗುತ್ತದೆ. ಲೋಹದ ಚಾಕು ಮಾತ್ರ ಬೇಡ.

ಒಂದು ಹಾಳೆ, ಒಂದು ಪೆನ್ನು. ಹಾಳೆಯ ಮೇಲೆ ಜಾಯ್‌ಕಾನಿನ ಚಿತ್ರ ಬರೆದು, ತೆಗೆದ ಸ್ಕ್ರೂಗಳನ್ನು ಅದೇ ಜಾಗದಲ್ಲಿ ಅಂಟುಪಟ್ಟಿಯಿಂದ ಅಂಟಿಸಿ. ಹೊರಗಿನ ಸ್ಕ್ರೂಗಳು ಸುಮಾರು 6 ಮಿಲಿಮೀಟರ್ ಉದ್ದ, ಒಳಗಿನವು ಸುಮಾರು ಮೂರೂವರೆ. ಗಿಡ್ಡದರ ಜಾಗಕ್ಕೆ ಉದ್ದದ್ದನ್ನು ತಿರುಗಿಸಿದರೆ ಅದು ಕೆಳಗಿರುವುದನ್ನು ಚುಚ್ಚಿಕೊಂಡು ಹೋಗುತ್ತದೆ.

ಬಿಚ್ಚುವ ಹಂತಗಳು

1. ಬ್ಯಾಟರಿ ಇಳಿಸಿ. ಜಾಯ್‌ಕಾನ್ ಒಳಗೆ 525 ಮಿಲಿಆಂಪ್-ಅವರ್ ಸಾಮರ್ಥ್ಯದ ಲಿಥಿಯಂ ಬ್ಯಾಟರಿ ಇದೆ. ಅದರ ಚಾರ್ಜ್ ಕಾಲು ಭಾಗಕ್ಕಿಂತ ಕೆಳಗೆ ಇಳಿಯುವವರೆಗೆ ಆಡಿ, ಆಮೇಲೆ ಕೆಲಸಕ್ಕೆ ಕೂರಿ. ಅಕಸ್ಮಾತ್ ಮೊನೆ ತಗುಲಿದರೂ ಅಪಾಯ ಕಡಿಮೆ. ಬ್ಯಾಟರಿ ಉಬ್ಬಿರುವುದು ಕಂಡರೆ ಮುಂದುವರಿಯಬೇಡಿ. ಅದನ್ನು ಮೀಟುವ ಕೆಲಸವನ್ನು ಅಂಗಡಿಯವರಿಗೇ ಬಿಡಿ.

2. ಜಾಯ್‌ಕಾನನ್ನು ಯಂತ್ರದಿಂದ ಕಳಚಿ, ಮುಖ ಕೆಳಗೆ ಮಾಡಿ ಬಟ್ಟೆಯ ಮೇಲಿಡಿ. ಹಿಂಬದಿಯ ನಾಲ್ಕು ಟ್ರೈ-ವಿಂಗ್ ಸ್ಕ್ರೂ ತೆಗೆಯಿರಿ. ಇಲ್ಲಿ ತಿರುಗಿಸುವುದಕ್ಕಿಂತ ಒತ್ತುವುದು ಮುಖ್ಯ. ಡ್ರೈವರನ್ನು ನೆಟ್ಟಗೆ ನಿಲ್ಲಿಸಿ, ಗಟ್ಟಿಯಾಗಿ ಒತ್ತಿ ಹಿಡಿದು, ನಿಧಾನವಾಗಿ ತಿರುವಿ. ಮೊನೆ ಜಾರುತ್ತಿದೆ ಅನಿಸಿದ ಕೂಡಲೇ ನಿಲ್ಲಿಸಿ. ತಲೆಯ ಮೇಲೆ ಅಗಲವಾದ ರಬ್ಬರ್ ಬ್ಯಾಂಡಿನ ತುಂಡು ಇಟ್ಟು ಅದರ ಮೇಲಿಂದ ಒತ್ತಿ ತಿರುಗಿಸಿದರೆ ಹಿಡಿತ ಸಿಗುತ್ತದೆ. ಜಾರುತ್ತಲೇ ತಿರುಗಿಸಿದವರ ಸ್ಕ್ರೂ ಮತ್ತೆ ಯಾವ ಡ್ರೈವರಿಗೂ ಬಗ್ಗುವುದಿಲ್ಲ.

3. ಎರಡು ಅರ್ಧಗಳು ಸೇರುವ ಗೆರೆಯಲ್ಲಿ, ದುಂಡಗಿರುವ ಹೊರ ಅಂಚಿನ ಕಡೆಯಿಂದ, ಬೆಣೆಯನ್ನು ತೂರಿಸಿ ಮೆಲ್ಲಗೆ ಸರಿಸುತ್ತ ಬನ್ನಿ. ಕವಚ ಸಡಿಲವಾದ ಮೇಲೆ ಪುಸ್ತಕ ತೆರೆದಂತೆ ತೆರೆಯಬೇಕು. ಹಳಿ ಇರುವ ನೇರ ಅಂಚೇ ಪುಸ್ತಕದ ಬೆನ್ನು. ಈ ಅಂಚಿನಲ್ಲಿ ಎರಡೂ ಅರ್ಧಗಳನ್ನು ರಿಬ್ಬನ್ ಕೇಬಲ್‌ಗಳು ಜೋಡಿಸಿವೆ. ರಿಬ್ಬನ್ ಎಂದರೆ ಕಾಗದದಷ್ಟು ತೆಳುವಾದ, ಒಳಗೆ ತಂತಿಗೆರೆಗಳಿರುವ ಪಟ್ಟಿ. ಕವಚವನ್ನು ಒಂದೇ ಸಲ ಎಳೆದು ಬೇರ್ಪಡಿಸಿದರೆ ಅವು ಹರಿಯುತ್ತವೆ. ಡ್ರಿಫ್ಟ್ ಸರಿಪಡಿಸಲು ಹೋಗಿ ಪಕ್ಕದ ಎಸ್‌ಎಲ್, ಎಸ್‌ಆರ್ ಗುಂಡಿಗಳನ್ನು ಕಳೆದುಕೊಳ್ಳುವವರು ಎಡವುವುದು ಈ ಹಂತದಲ್ಲೇ.

4. ತೆರೆದ ಕೂಡಲೇ, ಬೇರೆ ಏನನ್ನೂ ಮುಟ್ಟದೆ, ಮೊಬೈಲಿನಲ್ಲಿ ಮೂರು-ನಾಲ್ಕು ಕೋನಗಳಿಂದ ಫೋಟೊ ತೆಗೆದುಕೊಳ್ಳಿ. ಬಲ ಜಾಯ್‌ಕಾನಿನೊಳಗೆ ಎನ್ಎಫ್‌ಸಿ ಆಂಟೆನಾ, ಅತಿಗೆಂಪು ಕ್ಯಾಮೆರಾ ಇವೆಲ್ಲ ಇರುವುದರಿಂದ ಎಡದ್ದಕ್ಕಿಂತ ದಟ್ಟಣೆ ಹೆಚ್ಚು. ಮತ್ತೆ ಜೋಡಿಸುವಾಗ ಯಾವ ಕೇಬಲ್ ಯಾವುದರ ಮೇಲೆ ಹಾದುಹೋಗಿತ್ತು ಎಂಬುದು ನೆನಪಿನಲ್ಲಿ ಉಳಿದಿರುವುದಿಲ್ಲ.

5. ಬ್ಯಾಟರಿಯ ಕನೆಕ್ಟರ್ ಬಿಡಿಸಿ. ತಂತಿಗಳನ್ನು ಹಿಡಿದು ಎಳೆಯಬೇಡಿ. ಬೆಣೆಯ ಮೊನೆಯಿಂದ ಕನೆಕ್ಟರಿನ ಎರಡೂ ಬದಿಯನ್ನು ಸ್ವಲ್ಪ ಸ್ವಲ್ಪವೇ ನೇರ ಮೇಲಕ್ಕೆ ಎತ್ತಿ. ನಂತರ ಬ್ಯಾಟರಿಯನ್ನು ತಟ್ಟೆಯಿಂದ ಮೇಲೆತ್ತಿ. ಕೆಳಗೆ ಸಾಧಾರಣ ಅಂಟು ಇರುತ್ತದೆ. ಪ್ಲಾಸ್ಟಿಕ್ ಬೆಣೆಯಿಂದ ಒಂದು ಬದಿಯಲ್ಲಿ ಮೀಟಿ ಬಿಡಿಸಿ, ಬ್ಯಾಟರಿ ಬಾಗಬಾರದು.

6. ಬ್ಯಾಟರಿ ಕುಳಿತಿದ್ದ ಪ್ಲಾಸ್ಟಿಕ್ ತಟ್ಟೆಯನ್ನು ಮೂರು ಗಿಡ್ಡ ಸ್ಕ್ರೂಗಳು ಹಿಡಿದಿವೆ. ಅವನ್ನು ತೆಗೆದು ತಟ್ಟೆಯನ್ನು ಎತ್ತಿ. ಇದನ್ನೂ ಪೂರ್ತಿ ತೆಗೆಯುವಂತಿಲ್ಲ. ಎಡದ್ದರಲ್ಲಿ ಜೆಡ್‌ಎಲ್, ಬಲದ್ದರಲ್ಲಿ ಜೆಡ್‌ಆರ್ ಗುಂಡಿಯ ರಿಬ್ಬನ್ ತಟ್ಟೆಗೂ ಕೆಳಗಿನ ಬೋರ್ಡಿಗೂ ನಡುವೆ ಇದೆ. ತಟ್ಟೆಯನ್ನು ಪಕ್ಕಕ್ಕೆ ಮಗುಚಿ, ಜೋತುಬೀಳದಂತೆ ಏನಾದರೂ ಒತ್ತು ಕೊಟ್ಟು ನಿಲ್ಲಿಸಿ. ಆ ಗುಂಡಿಗಳ ಕೆಳಗೆ ಪುಟ್ಟ ಸ್ಪ್ರಿಂಗ್ ಇದೆ. ಅದು ಹಾರಿದರೆ ಸೋಫಾ ಕೆಳಗೇ ಹೋಗಿ ಬೀಳುತ್ತದೆ. ಬಿಳಿ ಬಟ್ಟೆ ಹಾಸಲು ಹೇಳಿದ್ದು ಅದಕ್ಕೆ.

7. ಈಗ ಸ್ಟಿಕ್ಕಿನ ರಿಬ್ಬನ್. ಇಡೀ ಕೆಲಸದಲ್ಲಿ ಉಸಿರು ಬಿಗಿಹಿಡಿಯಬೇಕಾದ ಜಾಗ ಇದೊಂದೇ. ರಿಬ್ಬನ್ ಒಂದು ಚಪ್ಪಟೆ ಕನೆಕ್ಟರಿನೊಳಗೆ ಹೋಗಿರುತ್ತದೆ. ಅದರ ಮೇಲೊಂದು ಮಡಚುವ ಚಿಲಕ ಇರುತ್ತದೆ. ಅಂಚಿಗೆ ಬೆಣೆಯ ಅಥವಾ ಚಿಮುಟದ ಮೊನೆ ಕೊಟ್ಟು ಚಿಲಕವನ್ನು ಮೇಲಕ್ಕೆ ತಿರುವಿದರೆ ಅದು ಬೋರ್ಡಿಗೆ ನೆಟ್ಟಗೆ ನಿಲ್ಲುತ್ತದೆ, ಪೂರ್ತಿ ಕಿತ್ತುಬರುವುದಿಲ್ಲ. ನೀವು ಎತ್ತುತ್ತಿರುವುದು ಚಿಲಕವನ್ನೋ ಇಡೀ ಕನೆಕ್ಟರನ್ನೋ ಎಂದು ಮೊಬೈಲ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ಖಚಿತಪಡಿಸಿಕೊಳ್ಳಿ. ಕನೆಕ್ಟರ್ ಬೋರ್ಡಿನಿಂದ ಎದ್ದುಬಂದರೆ ಅದನ್ನು ಸೂಕ್ಷ್ಮದರ್ಶಕದ ಕೆಳಗೆ ಬೆಸುಗೆ ಹಾಕುವವರೇ ಕೂರಿಸಬೇಕು. ಚಿಲಕ ತೆರೆದ ಮೇಲೆ ರಿಬ್ಬನ್ನನ್ನು ಚಿಮುಟದಿಂದ ಹಿಡಿದು, ಬೋರ್ಡಿಗೆ ಸಮನಾಗಿ ಹಿಂದಕ್ಕೆ ಜಾರಿಸಿ. ತಡೆ ಎದುರಾದರೆ ಚಿಲಕ ಇನ್ನೂ ಪೂರ್ತಿ ತೆರೆದಿಲ್ಲ ಎಂದೇ ಅರ್ಥ, ಜೋರು ಮಾಡಬೇಡಿ.

ಸ್ಟಿಕ್ಕಿನ ಸ್ಕ್ರೂ ಮೇಲೆ ಬೇರೊಂದು ರಿಬ್ಬನ್ ಅಡ್ಡ ಹಾದಿದ್ದರೆ ಅದನ್ನೂ ಇದೇ ರೀತಿ ಬಿಡಿಸಿ ಪಕ್ಕಕ್ಕೆ ಸರಿಸಿ. ಬಾಗಿಸಿ ಅದರ ಕೆಳಗೆ ಡ್ರೈವರ್ ತೂರಿಸುವ ಸಾಹಸ ಬೇಡ.

8. ಸ್ಟಿಕ್ಕನ್ನು ಹಿಡಿದಿರುವ ಎರಡು ಸ್ಕ್ರೂ ತೆಗೆದು ಅದನ್ನು ನೇರ ಮೇಲೆತ್ತಿ. ಕವಚದ ತೂತಿನ ಸುತ್ತ ಇರುವ ಧೂಳುತಡೆ ರಬ್ಬರ್ ಬಳೆ ಜೊತೆಗೆ ಎದ್ದುಬಂದರೆ ಅದನ್ನು ಅದರ ಜಾಗಕ್ಕೆ ಮತ್ತೆ ಕೂರಿಸಿ. ಹೊಸ ಸ್ಟಿಕ್ ಹಾಕುವ ಮೊದಲು ಆ ಗೂಡಿನ ಧೂಳನ್ನು ಐಪಿಎ ತಾಗಿಸಿದ ಹತ್ತಿ ಕಡ್ಡಿಯಿಂದ ಒರೆಸಿಬಿಡಿ.

ಹೊಸದನ್ನು ಕೂರಿಸುವುದು

9. ಹೊಸ ಸ್ಟಿಕ್ಕನ್ನು ಹಳೆಯದರ ಪಕ್ಕದಲ್ಲಿಟ್ಟು ರಿಬ್ಬನ್ ಯಾವ ಕಡೆಗೆ ಹೊರಡುತ್ತದೆ ಎಂದು ಹೋಲಿಸಿ. ಅದೇ ದಿಕ್ಕಿನಲ್ಲಿ ಗೂಡಿಗೆ ಇಳಿಸಿ, ಎರಡು ಸ್ಕ್ರೂ ಹಾಕಿ. ಬಿಗಿ ಅನಿಸಿದ ಕೂಡಲೇ ನಿಲ್ಲಿಸಿ, ಅವು ಪ್ಲಾಸ್ಟಿಕ್ಕಿನೊಳಗೆ ಕಚ್ಚುವ ಸ್ಕ್ರೂಗಳು.

10. ರಿಬ್ಬನ್ನನ್ನು ಕನೆಕ್ಟರಿಗೆ ನೇರವಾಗಿ ಜಾರಿಸಿ. ಅದರ ತುದಿಯ ಹತ್ತಿರ ಅಡ್ಡಗೆರೆ ಇದ್ದರೆ ಆ ಗೆರೆ ಕನೆಕ್ಟರಿನ ಬಾಯಿಗೆ ಸಮನಾಗಿ ನಿಂತಿರಬೇಕು. ಸೊಟ್ಟಗೆ ಕೂತಿದ್ದರೆ ಹೊರತೆಗೆದು ಮತ್ತೆ ಪ್ರಯತ್ನಿಸಿ. ಸರಿಯಾಗಿ ಕೂತ ಮೇಲಷ್ಟೇ ಚಿಲಕವನ್ನು ಬೆರಳ ತುದಿಯಿಂದ ಮೆಲ್ಲಗೆ ಮುಚ್ಚಿ. ಚಿಲಕ ಮುಚ್ಚಿದ ನಂತರ ರಿಬ್ಬನ್ ತುಸು ಎಳೆದರೂ ಬರಬಾರದು. ನೀವು ಬಿಡಿಸಿದ ಬೇರೆ ರಿಬ್ಬನ್‌ಗಳಿಗೂ ಇದೇ ಕ್ರಮ.

11. ತಟ್ಟೆಯನ್ನು ಹಿಂದಕ್ಕೆ ಮಗುಚಿ ಅದರ ಮೂರು ಸ್ಕ್ರೂ ಹಾಕಿ. ಬ್ಯಾಟರಿ ಇಡಿ, ಕನೆಕ್ಟರ್ ಒತ್ತಿ. ಹೊರಗಿನ ನಾಲ್ಕು ಸ್ಕ್ರೂಗಳನ್ನು ಹಾಕುವ ಆತುರ ಬೇಡ. ಎರಡು ಅರ್ಧಗಳನ್ನು ಕೈಯಿಂದ ಒಟ್ಟಿಗೆ ಹಿಡಿದು ನಿಸ್ತಂತುವಾಗಿಯೇ ಯಂತ್ರಕ್ಕೆ ಜೋಡಿಸಿ, ಎಲ್ಲ ಗುಂಡಿಗಳನ್ನೂ ಒತ್ತಿ ನೋಡಿ: ಎಲ್, ಜೆಡ್‌ಎಲ್, ಹಳಿಯ ಮೇಲಿನ ಎಸ್‌ಎಲ್, ಎಸ್‌ಆರ್, ಸ್ಟಿಕ್ಕನ್ನು ಅದುಮಿದಾಗಿನ ಕ್ಲಿಕ್. ಏನಾದರೂ ಸತ್ತಿದ್ದರೆ ಅದರ ರಿಬ್ಬನ್ ಸಡಿಲವಿದೆ. ಬ್ಯಾಟರಿಯ ಕನೆಕ್ಟರನ್ನು ಮತ್ತೆ ಬಿಡಿಸಿಯೇ ಅದನ್ನು ಸರಿಪಡಿಸಿ. ವಿದ್ಯುತ್ ಹರಿಯುತ್ತಿರುವಾಗ ರಿಬ್ಬನ್ ಜೊತೆ ಆಡಬಾರದು.

12. ಎಲ್ಲ ಸರಿಯಿದ್ದರೆ ಕವಚ ಮುಚ್ಚಿ. ಅಂಚುಗಳ ನಡುವೆ ಕೂದಲೆಳೆಯಷ್ಟು ಸಂದು ಉಳಿದರೂ ಒಳಗೆ ಯಾವುದೋ ಕೇಬಲ್ ಸಿಕ್ಕಿಹಾಕಿಕೊಂಡಿದೆ, ಅಥವಾ ತಟ್ಟೆ ಪೂರ್ತಿ ಕೂತಿಲ್ಲ. ಸ್ಕ್ರೂ ಬಿಗಿದು ಸಂದು ಮುಚ್ಚಲು ಹೋಗಬೇಡಿ. ತೆರೆದು, ಫೋಟೊ ನೋಡಿ, ಸರಿಪಡಿಸಿ.

13. ಕೊನೆಯದಾಗಿ ಕ್ಯಾಲಿಬ್ರೇಷನ್. ಇದನ್ನು ಬಿಟ್ಟು ಹೊಸ ಸ್ಟಿಕ್ಕೂ ಕೆಟ್ಟದ್ದೇ ಎಂದು ದೂರುವವರು ಬಹಳ. ಮಧ್ಯ ಮತ್ತು ಅಂಚಿನ ಅಳತೆಗಳು ಜಾಯ್‌ಕಾನಿನ ಬೋರ್ಡಿನ ಮೇಲಿರುವ ಮೆಮೊರಿಯಲ್ಲೇ ಉಳಿದಿರುತ್ತವೆ. ಅಂದರೆ ಹೊಸ ಸ್ಟಿಕ್ ಬಂದರೂ ಬೋರ್ಡಿಗೆ ನೆನಪಿರುವುದು ಹಳೆಯ ಸ್ಟಿಕ್ಕಿನ ಅಳತೆ. ಮೇಲೆ ಹೇಳಿದ ಪರದೆಗೆ ಹೋಗಿ, ಸ್ಟಿಕ್ ಅದುಮಿ, ಎಕ್ಸ್ ಒತ್ತಿ, ಪರದೆ ಹೇಳಿದ ದಿಕ್ಕುಗಳಿಗೆಲ್ಲ ಅಂಚಿನವರೆಗೆ ವಾಲಿಸಿ ಬಿಡಿ. ಸುತ್ತ ತಿರುಗಿಸಲು ಹೇಳಿದಾಗ ಅಂಚನ್ನು ಸವರಿಕೊಂಡು ನಿಧಾನವಾಗಿ ತಿರುಗಿಸಿ. ಆಯಸ್ಕಾಂತದ ಸ್ಟಿಕ್ ಹಾಕಿದವರಿಗೆ ಇದು ಕಡ್ಡಾಯ. ಅಳತೆ ಬೋರ್ಡಿನಲ್ಲೇ ಉಳಿಯುವುದರಿಂದ ಅದೇ ಜಾಯ್‌ಕಾನನ್ನು ಗೆಳೆಯರ ಸ್ವಿಚ್‌ಗೆ ಸಿಕ್ಕಿಸಿದರೆ ಮತ್ತೆ ಮಾಡಬೇಕಿಲ್ಲ.

ಆದರೂ ಸರಿಹೋಗದಿದ್ದರೆ

ಸ್ಟಿಕ್ ಒಂದು ದಿಕ್ಕಿಗೆ ಏನೂ ಮಾಡದಿದ್ದರೆ, ಇಲ್ಲವೇ ಸದಾ ಒಂದೇ ಮೂಲೆಗೆ ಅಂಟಿಕೊಂಡಿದ್ದರೆ ರಿಬ್ಬನ್ ಪೂರ್ತಿ ಒಳಹೋಗಿಲ್ಲ. ಇಂಥ ದೂರುಗಳಲ್ಲಿ ಹೊಸ ಸ್ಟಿಕ್ಕೇ ಕೆಟ್ಟಿರುವುದು ಅಪರೂಪ. ಜಾಯ್‌ಕಾನ್‌ಗೆ ಜೀವವೇ ಇಲ್ಲವೆಂದರೆ ಬ್ಯಾಟರಿಯ ಕನೆಕ್ಟರ್ ನೋಡಿ, ಆಮೇಲೆ ಯಂತ್ರಕ್ಕೆ ಸಿಕ್ಕಿಸಿ ಒಂದಷ್ಟು ಹೊತ್ತು ಚಾರ್ಜ್ ಆಗಲು ಬಿಡಿ. ನೀವು ಬಿಚ್ಚುವಾಗಲೇ ಅದು ಬರಿದಾಗುವ ಹಂತದಲ್ಲಿತ್ತು. ಸಿಕ್ಕಿಸಿದಾಗ ಚಾರ್ಜ್ ಆಗುತ್ತಿಲ್ಲ, ಎಸ್‌ಎಲ್, ಎಸ್‌ಆರ್ ಕೂಡ ಸತ್ತಿವೆ ಎಂದರೆ ಹಳಿಯ ರಿಬ್ಬನ್ ಹರಿದಿರಬಹುದು. ಹಳಿಯ ರಿಬ್ಬನ್ ಬಿಡಿಯಾಗಿ ಸಿಗುತ್ತದೆ.

ಚಿಲಕ ಮುರಿದಿದ್ದರೆ ಎದೆಗುಂದುವ ಮೊದಲು ಒಂದು ತಾತ್ಕಾಲಿಕ ದಾರಿ ಪ್ರಯತ್ನಿಸಬಹುದು. ರಿಬ್ಬನ್ನನ್ನು ನೇರವಾಗಿ ಕೂರಿಸಿ, ಚಿಲಕವಿದ್ದ ಜಾಗದಲ್ಲಿ ಶಾಖ ತಾಳುವ ಕ್ಯಾಪ್ಟಾನ್ ಟೇಪಿನ ತುಂಡು ಮಡಚಿ ಒತ್ತಿ, ಅದರ ಮೇಲೆ ಇನ್ನೊಂದು ತುಂಡು ಅಂಟಿಸಿ. ತಟ್ಟೆ ಮುಚ್ಚಿದಾಗ ಅದೂ ಒತ್ತು ಕೊಡುತ್ತದೆ. ಇದು ನಿಲ್ಲುತ್ತದೆ ಎಂಬ ಭರವಸೆ ಕೊಡಲಾರೆ. ನಿಲ್ಲದಿದ್ದರೆ ಮೊಬೈಲ್ ಬೋರ್ಡ್ ಕೆಲಸ ಮಾಡುವ ಅಂಗಡಿಯಲ್ಲಿ ಕನೆಕ್ಟರ್ ಬದಲಿಸಿಕೊಡುತ್ತಾರೆಯೇ ಎಂದು ಕೇಳಿ.

ಸ್ಟಿಕ್ಕಿನ ಲೋಹದ ಡಬ್ಬಿಯ ಮೇಲೆ ಒಂದು ಮಿಲಿಮೀಟರ್ ದಪ್ಪದ ರಟ್ಟಿನ ಚೂರು ಇಟ್ಟು ಕವಚ ಮುಚ್ಚುವ ಉಪಾಯ 2021ರಲ್ಲಿ ಬಹಳ ಹರಡಿತು. ಸಡಿಲಗೊಂಡ ಡಬ್ಬಿಯನ್ನು ರಟ್ಟು ಒತ್ತಿಹಿಡಿದು ಕವಲು ಲೇಪಕ್ಕೆ ಸರಿಯಾಗಿ ತಾಗುವಂತೆ ಮಾಡುತ್ತದೆ ಎಂಬುದು ಅದರ ಹಿಂದಿನ ತರ್ಕ. ಕೆಲವರಿಗೆ ಅದು ನಿಜವಾಗಿಯೂ ಫಲಿಸಿದೆ. ಬಿಡಿಭಾಗ ಬರಲು ತಿಂಗಳು ಹಿಡಿಯುವ ಊರಿನಲ್ಲಿದ್ದರೆ ಮಾಡಿ ನೋಡಿ. ಲೇಪವೇ ಸವೆದುಹೋಗಿದ್ದರೆ ಮಾತ್ರ ರಟ್ಟಿನಿಂದ ಏನೂ ಆಗದು.

ಲೈಟ್ ಮತ್ತು ಸ್ವಿಚ್ 2

2019ರ ಸ್ವಿಚ್ ಲೈಟ್‌ನಲ್ಲಿ ನಿಯಂತ್ರಕಗಳು ಕಳಚುವುದಿಲ್ಲ, ಸ್ಟಿಕ್ ಬದಲಿಸಬೇಕಾದರೆ ಇಡೀ ಯಂತ್ರವನ್ನೇ ಬಿಚ್ಚಬೇಕು. ಹಿಂಬದಿಯ ಕವಚ, ಅದರ ಕೆಳಗಿನ ಲೋಹದ ತಗಡು, ಬ್ಯಾಟರಿಯ ಕನೆಕ್ಟರ್ ಇಷ್ಟನ್ನು ದಾಟಿ ಹೋಗಬೇಕು. ಚಿಲಕದ ಕೆಲಸ ಇಲ್ಲಿಯೂ ಅದೇ, ಕೈತಪ್ಪಿದರೆ ಆಗುವ ನಷ್ಟ ಮಾತ್ರ ದೊಡ್ಡದು: ಜಾಯ್‌ಕಾನ್ ಹಾಳಾದರೆ ಜಾಯ್‌ಕಾನ್ ಹೋಯಿತು, ಇಲ್ಲಿ ಪರದೆ ಸಮೇತ ಹೋಗುತ್ತದೆ. ಒಂದು ಜಾಯ್‌ಕಾನನ್ನಾದರೂ ಬಿಚ್ಚಿ ಜೋಡಿಸಿದ ಅನುಭವ ಇಲ್ಲದವರು ಲೈಟ್‌ನಿಂದ ಆರಂಭಿಸಬಾರದು. ಅಂಗಡಿಗೆ ಕೊಡುವುದಾದರೆ, ಯಾವ ಬಗೆಯ ಸ್ಟಿಕ್ ಹಾಕುತ್ತೀರಿ ಎಂದು ಕೇಳಿ. ಹಳೆಯ ಸ್ಟಿಕ್ಕನ್ನು ಹಿಂದಿರುಗಿಸಿ ಎಂದೂ ಹೇಳಿ. ಕ್ಲೀನರ್ ಚಿಮ್ಮಿಸಿ ಬದಲಿಸಿದ ದರ ಪಡೆಯುವವರೂ ಇದ್ದಾರೆ.

2025ರ ಜೂನ್‌ನಲ್ಲಿ ಬಂದ ಸ್ವಿಚ್ 2ರ ಜಾಯ್‌ಕಾನ್‌ಗಳು ಆಯಸ್ಕಾಂತದಿಂದ ಯಂತ್ರಕ್ಕೆ ಅಂಟುತ್ತವೆ. ಅದನ್ನು ಕೇಳಿ ಸ್ಟಿಕ್ ಕೂಡ ಆಯಸ್ಕಾಂತದ್ದೇ ಎಂದು ತಿಳಿದವರು ಬಹಳ ಮಂದಿ. ಅಲ್ಲ, ಸ್ಟಿಕ್ ಒಳಗೆ ಈಗಲೂ ಪೊಟೆನ್ಶಿಯೋಮೀಟರೇ ಇದೆ. ಕವಚದ ಸ್ಕ್ರೂಗಳು ಅಂಟಿಸಿದ ಪಟ್ಟಿಯ ಕೆಳಗೆ ಅಡಗಿವೆ, ಒಳಗಿನ ಜೋಡಣೆಯೂ ಮೇಲೆ ವಿವರಿಸಿದಂತಿಲ್ಲ. ಅದರಲ್ಲಿ ಡ್ರಿಫ್ಟ್ ಕಂಡರೆ ಕ್ಯಾಲಿಬ್ರೇಷನ್ ಮಾಡಿ ನೋಡಿ, ಸರಿಹೋಗದಿದ್ದರೆ ಬಿಲ್ ಹುಡುಕಿಕೊಂಡು ಕೊಂಡ ಅಂಗಡಿಗೆ ಹೋಗಿ. ವಾರಂಟಿ ಇರುವಷ್ಟು ಕಾಲ ಬೆಣೆಯನ್ನು ಪೆಟ್ಟಿಗೆಯಲ್ಲೇ ಇಟ್ಟಿರಿ.